ಮಗುವಿನ ಅಲರ್ಜಿಗೆ ಇಮ್ಯುನೋಥೆರಪಿ: ಅವಸರ ಮಾಡದೆ ನಡೆಯಬೇಕಾದ ದಾರಿ

ನನ್ನ ಮಗನ ಮೂಗಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಇತ್ತು. ತುದಿಯಿಂದ ಸ್ವಲ್ಪ ಮೇಲೆ, ಉಗುರಿನಿಂದ ಎಳೆದ ಹಾಗೆ. ಹುಟ್ಟಿನಿಂದಲೇ ಬಂದಿದ್ದು ಎಂದುಕೊಂಡಿದ್ದೆವು. ಅವನಿಗೆ ಆರು ವರ್ಷವಾದಾಗ ಬೆಳಗಾವಿಯ ಡಾಕ್ಟರೊಬ್ಬರು ಆ ಗೆರೆ ನೋಡಿಯೇ ಕೇಳಿದರು: 'ಇವನು ದಿನಾ ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುತ್ತಾನೆ, ಅಲ್ವಾ?' ಹೌದು, ಉಜ್ಜುತ್ತಿದ್ದ. ಮುಂಜಾನೆ ಎದ್ದ ಕೂಡಲೇ ಸಾಲಾಗಿ ಹತ್ತು ಹನ್ನೆರಡು ಸೀನು, ಕಣ್ಣ ಕೆಳಗೆ ಕಪ್ಪು, ರಾತ್ರಿ ಬಾಯಿ ತೆರೆದು ಮಲಗುವುದು. ಇದೆಲ್ಲ ನೆಗಡಿ ಎಂದುಕೊಂಡು ಎರಡು ವರ್ಷ ಸಿರಪ್ ಕುಡಿಸಿದ್ದೆವು.

ನಾವು ಗೋಕಾಕದವರು. ಅಂದಿನಿಂದ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬೆಳಗಾವಿಗೆ ಓಡಾಡಿ ಮಗನಿಗೆ ಇಮ್ಯುನೋಥೆರಪಿ ಕೊಡಿಸಿದೆವು. ಜನ ಇದನ್ನು 'ಅಲರ್ಜಿ ಇಂಜೆಕ್ಷನ್ ಕೋರ್ಸು' ಅಂತಾರೆ. ನಾನು ಡಾಕ್ಟರ್ ಅಲ್ಲ, ತಾಯಿ. ಯಾವ ಔಷಧಿ, ಎಷ್ಟು ಡೋಸ್ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಈ ದಾರಿಯಲ್ಲಿ ಎಲ್ಲೆಲ್ಲಿ ಕಾಲು ಜಾರುತ್ತದೆ ಎಂದು ನನಗೆ ಗೊತ್ತು. ನಾವು ಜಾರಿದ್ದೆಲ್ಲ ಅವಸರ ಮಾಡಿದ ಕಡೆಯೇ.

ಇದು ಏನು, ಏನು ಅಲ್ಲ

ಅಲರ್ಜಿ ಇರುವ ಮಗುವಿನ ದೇಹ ಧೂಳು, ಹೂವಿನ ಪರಾಗದಂಥ ನಿರುಪದ್ರವಿ ವಸ್ತುವನ್ನು ಶತ್ರು ಎಂದುಕೊಂಡು ಎಗರಾಡುತ್ತದೆ. ಮನೆ ನಾಯಿ ಹೊಸ ನೆಂಟರಿಗೆ ಬೊಗಳುತ್ತದಲ್ಲ, ಹಾಗೆ. ಅದೇ ನೆಂಟರು ದಿನಾ ಬಂದು, ದೂರ ಕುಳಿತು, ಸ್ವಲ್ಪ ಸ್ವಲ್ಪವೇ ಹತ್ತಿರ ಬಂದರೆ ನಾಯಿ ಸುಮ್ಮನಾಗುತ್ತದೆ. ಇಮ್ಯುನೋಥೆರಪಿ ಮಾಡುವುದು ಇದನ್ನೇ. ಯಾವ ವಸ್ತು ಮಗುವಿಗೆ ಆಗುವುದಿಲ್ಲವೋ ಅದರದೇ ಶುದ್ಧ ಮಾಡಿದ ಸಾರವನ್ನು ಅತಿ ಸಣ್ಣ ಪ್ರಮಾಣದಲ್ಲಿ ಶುರು ಮಾಡಿ, ನಿಧಾನವಾಗಿ ಹೆಚ್ಚಿಸುತ್ತ ಹೋಗುತ್ತಾರೆ. ಸೀನು, ತುರಿಕೆ ತರುವ ಐಜಿಇ ಅನ್ನುವ ಪ್ರತಿಕಾಯದ ಆಟ ಕ್ರಮೇಣ ತಗ್ಗುತ್ತದೆ.

ಹೊಸ ಪ್ರಯೋಗ ಏನಲ್ಲ ಇದು. 1911ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ನೂನ್ ಎಂಬ ವೈದ್ಯರು ಹುಲ್ಲಿನ ಪರಾಗದ ಸಾರವನ್ನು ರೋಗಿಗಳಿಗೆ ಚುಚ್ಚಿ ನೋಡಿದ್ದರು. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಚಿಕಿತ್ಸೆಯ ಲಸಿಕೆ ಎಂಬ ಹೆಸರು ಕೊಟ್ಟು ಮಾರ್ಗಸೂಚಿ ಹೊರಡಿಸಿತು.

ಇಲ್ಲಿ ಒಂದು ಗೊಂದಲ ತೀರಿಸಿಬಿಡಬೇಕು. ನಮ್ಮ ಕಡೆ 'ಅಲರ್ಜಿ ಇಂಜೆಕ್ಷನ್' ಅಂದರೆ ಬಹಳ ಜನರಿಗೆ ಅವಿಲ್ ನೆನಪಾಗುತ್ತದೆ. ಇನ್ನು ಕೆಲವು ಕಡೆ ತಿಂಗಳುಗಟ್ಟಲೆ ಆರಾಮ ಕೊಡುವ ಸ್ಟೆರಾಯ್ಡ್ ಸೂಜಿ ಚುಚ್ಚುತ್ತಾರೆ. ಎರಡೂ ಇಮ್ಯುನೋಥೆರಪಿ ಅಲ್ಲ. ಅವಿಲ್ ಆ ಹೊತ್ತಿನ ತುರಿಕೆ ತಗ್ಗಿಸುತ್ತದೆ, ಅಷ್ಟೇ. ಸ್ಟೆರಾಯ್ಡ್ ಸೂಜಿಯನ್ನು ಮಕ್ಕಳಿಗೆ ಪದೇ ಪದೇ ಚುಚ್ಚಿಸಿದರೆ ಬೆಳವಣಿಗೆಗೆ, ಮೂಳೆಗೆ ಪೆಟ್ಟು. 'ಒಂದು ಸೂಜಿ ಹಾಕಿದರೆ ವರ್ಷ ನಿಶ್ಚಿಂತೆ' ಎಂದು ಯಾರಾದರೂ ಹೇಳಿದರೆ, ಆ ಸೂಜಿಯಲ್ಲಿ ಏನಿದೆ ಎಂದು ಹೆಸರು ಬರೆಸಿಕೊಳ್ಳಿ.

ಮೊದಲು ಒಂದು ನೋಟ್‌ಬುಕ್

ಟೆಸ್ಟಿಗೆ ಓಡಬೇಡಿ. ಮೊದಲು ನಾಲ್ಕರಿಂದ ಆರು ವಾರ ಬರೆಯಿರಿ. ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ಸೀನು ಯಾವಾಗ ಬಂತು, ಆಗ ಮಗು ಎಲ್ಲಿತ್ತು, ಏನು ಮಾಡುತ್ತಿತ್ತು, ಮಳೆಯೋ ಬಿಸಿಲೋ, ಯಾವ ಔಷಧಿ ಕೊಟ್ಟಿರಿ. ದಿನಕ್ಕೆ ಎರಡು ಸಾಲು.

ನಮ್ಮ ನೋಟ್‌ಬುಕ್ಕಿನಲ್ಲಿ ಮೂರನೇ ವಾರಕ್ಕೆ ಒಂದು ವಿಷಯ ಎದ್ದು ಕಂಡಿತು. ಸೀನು ಜಾಸ್ತಿ ಇದ್ದದ್ದು ಬೆಳಗಿನ ಐದರಿಂದ ಏಳರ ನಡುವೆ, ಹಾಸಿಗೆಯಲ್ಲೇ. ಶಾಲೆಗೆ ಹೋದ ಮೇಲೆ ಕಡಿಮೆ. ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ತವರಿನ ಮದುವೆಗೆ ಹೋದಾಗ ನಾಲ್ಕು ರಾತ್ರಿ ಎಲ್ಲರ ಜೊತೆ ಚಾಪೆ ಮೇಲೆ ಮಲಗಿದ್ದ. ಮದುವೆ ಮನೆಯ ಧೂಳು, ಹೊಗೆ, ಜನ ಎಲ್ಲ ಇದ್ದರೂ ಆ ನಾಲ್ಕು ದಿನ ಮುಂಜಾನೆಯ ಸೀನು ಎರಡು ಮೂರಕ್ಕೆ ಇಳಿದಿತ್ತು. ಊರಿಗೆ ಬಂದ ಮರುದಿನ ಮತ್ತೆ ಹನ್ನೆರಡು. ಡಾಕ್ಟರ್ ಆ ಪುಟವನ್ನು ಎರಡು ಸಲ ಓದಿದರು. 'ಟೆಸ್ಟ್ ಏನು ಹೇಳುತ್ತದೆ ಅಂತ ನನಗೆ ಅರ್ಧ ಗೊತ್ತಾಯಿತು' ಎಂದರು.

ನಿಮ್ಮ ಮಗುವಿನ ಕಥೆ ಬೇರೆ ಇರಬಹುದು. ಮಳೆ ನಿಂತ ಮೇಲೆ ಶಾಲೆಯ ಬಯಲಲ್ಲಿ ಕಾಂಗ್ರೆಸ್ ಕಸ ಬಿಳಿ ಹೂ ಬಿಟ್ಟಾಗ ಕಣ್ಣು ತುರಿಸಬಹುದು. ಬಳ್ಳಾರಿ ಜಾಲಿಯ ಪೊದೆ ಹತ್ತಿರ ಇರುವ ಓಣಿಯಲ್ಲಿ ಹೂ ಬಿಡುವ ಕಾಲಕ್ಕೆ ಕಾಟ ಇರಬಹುದು. ಜೋಳದ ರಾಶಿಯ ದಿನ ಕಣದಲ್ಲಿ ಆಡಿ ಬಂದ ಮೇಲೆ ಕೆಮ್ಮು ಹತ್ತಬಹುದು. ಬೆಕ್ಕು, ಜಿರಳೆ, ಬೆಳಗಾವಿ ಕಡೆಯ ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಜು, ಯಾವುದೂ ಆಗಬಹುದು. ಊಹೆ ಬೇಡ, ಕಂಡದ್ದನ್ನು ಬರೆಯಿರಿ.

ಇನ್ನೊಂದು ಮಾತು. ಹೊಗೆ ಅಲರ್ಜಿ ವಸ್ತು ಅಲ್ಲ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚಿದಾಗ ಮಗು ಕೆಮ್ಮಿದರೆ, ಊದಿನಕಡ್ಡಿ, ಸೊಳ್ಳೆ ಬತ್ತಿ, ಬೀಡಿ ಹೊಗೆಗೆ ಉಬ್ಬಸ ಬಂದರೆ ಅದು ಉರಿ, ಕೆರಳಿಕೆ. ಅದಕ್ಕೆ ಇಮ್ಯುನೋಥೆರಪಿಯಲ್ಲಿ ಮದ್ದಿಲ್ಲ. ಹೊಗೆಯಿಂದ ದೂರ ಇಡುವುದೇ ಮದ್ದು.

ಯಾವ ಮಗುವಿಗೆ ಸರಿ

ಮೂಗಿನ ಅಲರ್ಜಿ, ಕಣ್ಣಿನ ಅಲರ್ಜಿ, ಅಲರ್ಜಿಯಿಂದ ಬಂದ ಆಸ್ತಮಾ, ಜೇನುಹುಳ ಅಥವಾ ಕಣಜ ಕಚ್ಚಿ ಜೀವಕ್ಕೇ ಕುತ್ತು ಬಂದ ಮಕ್ಕಳು. ಈ ಚಿಕಿತ್ಸೆ ಇವರಿಗೆ. ಸಾಮಾನ್ಯವಾಗಿ ಐದು ವರ್ಷ ದಾಟಿದ ಮೇಲೆ ಶುರು ಮಾಡುತ್ತಾರೆ. ಐದು ಅನ್ನುವುದು ಕಲ್ಲಿನಲ್ಲಿ ಕೊರೆದ ಗೆರೆ ಅಲ್ಲ. ಆದರೆ ತೀರಾ ಚಿಕ್ಕ ಮಗುವಿಗೆ 'ಗಂಟಲಲ್ಲಿ ಏನೋ ಆಗ್ತಿದೆ' ಎಂದು ಹೇಳಲು ಬರುವುದಿಲ್ಲ, ಅದಕ್ಕೇ ಕಾಯುತ್ತಾರೆ.

ಪದೇ ಪದೇ ಮೈಮೇಲೆ ಏಳುವ ಪಿತ್ತದ ಗಂಧೆಗೆ ಇದು ಚಿಕಿತ್ಸೆ ಅಲ್ಲ. ಆಹಾರದ ಅಲರ್ಜಿಗೆ ಈ ಚುಚ್ಚುಮದ್ದು ಕೊಡುವುದಿಲ್ಲ. ಶೇಂಗಾ ಅಲರ್ಜಿಗೆ ಬಾಯಿಂದ ಕೊಡುವ ಒಂದು ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಬೇರೆಯದೇ ವಿಧಾನ, ತಜ್ಞರ ಕಣ್ಗಾವಲಿನಲ್ಲಿ ಮಾತ್ರ. ಅದನ್ನು ಕೇಳಿಕೊಂಡು ಮನೆಯಲ್ಲಿ ಒಂದೊಂದೇ ಶೇಂಗಾ ಬೀಜ ತಿನ್ನಿಸಿ 'ರೂಢಿ' ಮಾಡಿಸಲು ಮಾತ್ರ ದಯವಿಟ್ಟು ಹೋಗಬೇಡಿ.

ಆಸ್ತಮಾ ಹತೋಟಿಯಲ್ಲಿ ಇಲ್ಲದಿದ್ದರೆ ಶುರು ಮಾಡುವಂತಿಲ್ಲ. ಇಲ್ಲಿ ನಾವು ಅವಸರ ಮಾಡಿದೆವು. ಮಗನಿಗೆ ರಾತ್ರಿ ಕೆಮ್ಮು ಇತ್ತು. ಮೊದಲ ಭೇಟಿಯಲ್ಲೇ 'ಇವತ್ತೇ ಶುರು ಮಾಡಿ ಸರ್' ಎಂದು ಕೈ ಮುಗಿದಿದ್ದೆ. ಅವರು ಒಪ್ಪಲಿಲ್ಲ. ಮೂರು ತಿಂಗಳು ಇನ್ಹೇಲರ್ ಕೊಟ್ಟು, ಕೆಮ್ಮು ಪೂರ್ತಿ ನಿಂತ ಮೇಲೆಯೇ ಮೊದಲ ಸೂಜಿ. ಚಿಕಿತ್ಸೆಯಲ್ಲಿ ಜೀವಕ್ಕೆ ಅಪಾಯ ಬರುವುದು ಹೆಚ್ಚಾಗಿ ದಮ್ಮು ಹತೋಟಿ ತಪ್ಪಿದವರಿಗೇ ಎಂದು ಆಮೇಲೆ ತಿಳಿಸಿ ಹೇಳಿದರು. ಆ ದಿನ ನನಗೆ ಸಿಟ್ಟು ಬಂದಿತ್ತು. ಈಗ ಅವರ ಬಗ್ಗೆ ಗೌರವ ಇದೆ.

ಟೆಸ್ಟಿನ ದಿನ

ಸ್ಕಿನ್ ಪ್ರಿಕ್ ಟೆಸ್ಟ್ ಎಂದು ಕೇಳಿ. ಮಕ್ಕಳ ವಿಭಾಗ, ಕಿವಿ-ಮೂಗು-ಗಂಟಲು ವಿಭಾಗ ಅಥವಾ ಶ್ವಾಸಕೋಶ ವಿಭಾಗದಲ್ಲಿ ವಿಚಾರಿಸಬೇಕು. ಬೆಳಗಾವಿಯವರು ಬಿಮ್ಸ್, ಕೆಎಲ್‌ಇ ಆಸ್ಪತ್ರೆಗಳಲ್ಲಿ, ಬಾಗಲಕೋಟೆಯವರು ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ವಿಜಯಪುರದವರು ಬಿಎಲ್‌ಡಿಇ, ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮೊದಲು ಫೋನ್ ಮಾಡಿ ಕೇಳಿ. ಟೆಸ್ಟ್ ಮಾಡುತ್ತೀರಾ, ಯಾವ ದಿನ, ಇಮ್ಯುನೋಥೆರಪಿಯನ್ನೂ ಕೊಡುತ್ತೀರಾ? ಈ ಮೂರು ಪ್ರಶ್ನೆ ಕೇಳಿದರೆ ಒಂದು ಸುತ್ತು ಓಡಾಟ ಉಳಿಯುತ್ತದೆ.

ಟೆಸ್ಟಿಗೆ ಸುಮಾರು ಒಂದು ವಾರ ಮೊದಲೇ ಸೆಟ್ರಿಜಿನ್, ಲೀವೊಸೆಟ್ರಿಜಿನ್‌ನಂಥ ಅಲರ್ಜಿ ಗುಳಿಗೆ ನಿಲ್ಲಿಸಲು ಹೇಳುತ್ತಾರೆ. ಅವು ದೇಹದಲ್ಲಿದ್ದರೆ ಟೆಸ್ಟ್ ಸುಳ್ಳು ಹೇಳುತ್ತದೆ. ಬಹಳ ತಾಯಂದಿರು ಮರೆಯುವುದು ನೆಗಡಿ ಸಿರಪ್ಪು. ಅದರಲ್ಲೂ ಇಂಥದೇ ಔಷಧಿ ಸೇರಿರುತ್ತದೆ. ಮನೆಯ ಎಲ್ಲ ಬಾಟಲಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಇನ್ಹೇಲರ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಮಕ್ಕಳು ಹೆದರುವಷ್ಟು ಇದರಲ್ಲಿ ಏನೂ ಇಲ್ಲ. ಮುಂಗೈ ಮೇಲೆ ಪೆನ್ನಿನಿಂದ ಗೆರೆ, ಸಂಖ್ಯೆ ಬರೆದರು. ಪ್ರತಿ ಸಂಖ್ಯೆಯ ಹತ್ತಿರ ಒಂದೊಂದು ಅಲರ್ಜಿ ವಸ್ತುವಿನ ಸಾರದ ಒಂದು ಹನಿ. ಹನಿಯ ಮೇಲೆ ಸಣ್ಣ ಮೊನೆಯಿಂದ ಒಂದು ಚುಚ್ಚು, ರಕ್ತ ಬರುವುದಿಲ್ಲ. ಒಂದು ಹನಿ ಬರೀ ಉಪ್ಪುನೀರು, ಅದು ಉಬ್ಬಬಾರದು. ಇನ್ನೊಂದು ಹಿಸ್ಟಮಿನ್, ಅಂದರೆ ಅಲರ್ಜಿಯಲ್ಲಿ ತುರಿಕೆ, ಊತ ತರುವ ವಸ್ತು, ಅದು ಉಬ್ಬಲೇಬೇಕು. ಈ ಎರಡು ಸರಿಯಾಗಿದ್ದರೆ ಮಾತ್ರ ಉಳಿದದ್ದನ್ನು ನಂಬಬೇಕು. ಹದಿನೈದು ಇಪ್ಪತ್ತು ನಿಮಿಷ ತುರಿಸಿಕೊಳ್ಳದೆ ಕೂರುವುದೇ ಕಷ್ಟ. ನನ್ನ ಮಗ ಎಡಗೈಯನ್ನು ಚಾಚಿ, ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕುಳಿತಿದ್ದ. ಸೊಳ್ಳೆ ಕಚ್ಚಿದಂಥ ಗುಳ್ಳೆ ಎದ್ದವು. ಉಪ್ಪುನೀರಿನ ಗುರುತಿಗಿಂತ 3 ಮಿಲಿಮೀಟರ್ ಅಥವಾ ಹೆಚ್ಚು ಉಬ್ಬಿದರೆ ಪಾಸಿಟಿವ್. ಚರ್ಮದ ತೊಂದರೆ ಇದ್ದರೆ ಅಥವಾ ಗುಳಿಗೆ ನಿಲ್ಲಿಸಲು ಆಗದಿದ್ದರೆ ರಕ್ತದಲ್ಲಿ ಐಜಿಇ ನೋಡುತ್ತಾರೆ.

ಈಗ ಮುಖ್ಯವಾದದ್ದು. ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಎಂದಲ್ಲ. ನಮಗೆ ಧೂಳಿನ ಹುಳ ದೊಡ್ಡದಾಗಿ ಬಂತು, ಕಾಂಗ್ರೆಸ್ ಕಸ ಸಣ್ಣದಾಗಿ ಬಂತು, ಜೊತೆಗೆ ಶೇಂಗಾ ಕೂಡ ಬಂತು! ಅವನು ರೊಟ್ಟಿಗೆ ದಿನಾ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವವನು, ಒಮ್ಮೆಯೂ ಏನೂ ಆಗಿರಲಿಲ್ಲ. ಡಾಕ್ಟರ್ ಆ ಸಾಲಿಗೆ ಅಡ್ಡಗೆರೆ ಎಳೆದರು. ಐವತ್ತು ಅರವತ್ತು ಪದಾರ್ಥದ ಪಟ್ಟಿ ಟೆಸ್ಟ್ ಮಾಡಿಸಿಕೊಂಡು ಹಾಲು, ತತ್ತಿ, ಗೋಧಿ, ಬದನೆಕಾಯಿ ಎಲ್ಲ ಬಿಡಿಸಿ ಮಗುವನ್ನು ಒಣಗಿಸಿದ ಮನೆಗಳನ್ನು ನಾನು ಕಂಡಿದ್ದೇನೆ. ನೋಡಿದಾಗಲೆಲ್ಲ ಕರುಳು ಚುರ್ ಅನ್ನುತ್ತದೆ. ಟೆಸ್ಟ್ ಮತ್ತು ನೋಟ್‌ಬುಕ್ ಎರಡೂ ಒಂದೇ ಮಾತು ಹೇಳಿದಾಗ ಮಾತ್ರ ಮುಂದೆ ಹೋಗಿ.

ಕೌದಿಯ ವಿಚಾರ

ಧೂಳಿನ ಹುಳ ಎಂದರೆ ಕಣ್ಣಿಗೆ ಕಾಣುವ ಹುಳ ಅಲ್ಲ. ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು, ಉಸಿರು-ಬೆವರಿನ ತೇವದಲ್ಲಿ ಬದುಕುತ್ತದೆ. ಅದರ ಹಿಕ್ಕೆ ಮತ್ತು ಸತ್ತ ಮೈಯ ಪುಡಿ ಮೂಗಿಗೆ ಹೋದಾಗ ಸೀನು.

ಅಂಥ ಹುಳಕ್ಕೆ ನಮ್ಮ ಕೌದಿಗಿಂತ ಒಳ್ಳೆಯ ಮನೆ ಉಂಟೇ? ಹಳೇ ಸೀರೆ, ಧೋತರ, ಏಳೆಂಟು ಪದರ, ಒತ್ತೊತ್ತಾಗಿ ಹೊಲಿಗೆ. ನೀರಿಗೆ ಹಾಕಿದರೆ ಇಬ್ಬರು ಹಿಡಿದು ಎತ್ತಬೇಕು, ಅದಕ್ಕೆ ವರ್ಷಕ್ಕೆ ಒಂದು ಸಲ ತೊಳೆದರೆ ದೊಡ್ಡದು. ನನ್ನ ಮಗ ಹೊದೆಯುತ್ತಿದ್ದ ಕೌದಿ ನಮ್ಮ ಅತ್ತೆ ಹೊಲಿದದ್ದು. ಅದರಲ್ಲಿ ಅವರ ತಾಯಿಯ ಇಳಕಲ್ ಸೀರೆಯ ತುಂಡು ಇದೆ. ಅದನ್ನು ತೆಗೆದಿಡೋಣ ಎಂದಾಗ ಅತ್ತೆ, 'ಕೌದಿ ಹೊಚ್ಚಿದ್ರ ಯಾರಿಗರ ನೆಗಡಿ ಬರ್ತೈತೇನ?' ಎಂದು ಕೇಳಿದರು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಕೊನೆಗೆ ಅವರಿಗೆ ನೋಟ್‌ಬುಕ್ ಓದಿ ಹೇಳಿದೆ. ಇಂಡಿಯ ನಾಲ್ಕು ದಿನದ ಪುಟ ಕೇಳಿ ಅವರೇ ಎದ್ದು ಕೌದಿ ಮಡಚಿದರು.

ಮಾಡಬೇಕಾದ್ದು ಇಷ್ಟು. ಮಗುವಿಗೆ ತೆಳುವಾದ, ತೊಳೆಯಲು ಬರುವ ಹತ್ತಿ ಹೊದಿಕೆ ಕೊಡಿ. ಹೊದಿಕೆ, ದಿಂಬಿನ ಚೀಲ, ಹಾಸು ಮೂರನ್ನೂ ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ತೊಳೆಯಿರಿ. ಗಾದಿ ಮತ್ತು ದಿಂಬಿಗೆ ಸುತ್ತಲೂ ಜಿಪ್ ಇರುವ ಒತ್ತು ನೇಯ್ಗೆಯ ಕವರ್ ಹಾಕಿ. ವಿಜಯಪುರ, ಬಾಗಲಕೋಟೆಯ ಬೇಸಿಗೆ ಬಿಸಿಲು ದೇವರು ಕೊಟ್ಟ ವರ. ಗಾದಿಯನ್ನು ಎರಡೂ ಮಗ್ಗುಲು ಕಾಯಿಸಿ. ಆದರೆ ಬಿಸಿಲು ಹುಳವನ್ನು ಕೊಂದರೂ ಪುಡಿ ಅಲ್ಲೇ ಉಳಿಯುತ್ತದೆ. ಕಾಯಿಸಿದ ಮೇಲೆ ಅಂಗಳದಲ್ಲಿ ಚೆನ್ನಾಗಿ ಬಡಿಯಬೇಕು, ಮಗು ಹತ್ತಿರ ಇರಬಾರದು. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಕಾಂಗ್ರೆಸ್ ಕಸ ತೊಂದರೆ ಕೊಡುವವರು ಹೂ ಬಿಡುವ ಮೊದಲೇ ದೊಡ್ಡವರ ಕೈಯಿಂದ, ಕೈಗವಸು ಹಾಕಿಸಿ ಕೀಳಿಸಿ.

ಇದರ ಜೊತೆ ಮೂಗಿನ ಸ್ಪ್ರೇ ಸರಿಯಾಗಿ ಹೊಡೆಯಲು ಕಲಿಯಿರಿ. ತಲೆ ಸ್ವಲ್ಪ ಮುಂದಕ್ಕೆ ಬಾಗಿರಬೇಕು. ಬಲ ಮೂಗಿಗೆ ಎಡಗೈ, ಎಡ ಮೂಗಿಗೆ ಬಲಗೈ. ಮೊನೆ ಕಿವಿಯ ಕಡೆ ತಿರುಗಿರಲಿ, ನಡುಗೋಡೆಗೆ ಹೊಡೆಯಬಾರದು. ಜೋರಾಗಿ ಎಳೆದುಕೊಂಡರೆ ಗಂಟಲಿಗೆ ಹೋಗಿ ವ್ಯರ್ಥ. ಕೆಲವು ಮಕ್ಕಳಿಗೆ ಇಷ್ಟರಿಂದಲೇ ಆರಾಮ ಆಗುತ್ತದೆ. ಆಗ ಇಮ್ಯುನೋಥೆರಪಿ ಬೇಕೇ ಬೇಕು ಎಂದೇನಿಲ್ಲ.

ಸೂಜಿಯೋ, ನಾಲಿಗೆ ಕೆಳಗಿನ ಹನಿಯೋ

ಸೂಜಿಯಾದರೆ ತೋಳಿನ ಚರ್ಮದ ಕೆಳಗೆ. ಮೊದಲ ಮೂರರಿಂದ ಆರು ತಿಂಗಳು ವಾರಕ್ಕೆ ಒಂದೋ ಎರಡೋ ಸಲ, ಪ್ರತಿ ಸಲ ಡೋಸ್ ಸ್ವಲ್ಪ ಹೆಚ್ಚು. ಪೂರ್ತಿ ಡೋಸ್ ಮುಟ್ಟಿದ ಮೇಲೆ ತಿಂಗಳಿಗೊಮ್ಮೆ. ಒಟ್ಟು ಮೂರರಿಂದ ಐದು ವರ್ಷ. ಹನಿ ಅಥವಾ ಗುಳಿಗೆಯಾದರೆ ಮೊದಲ ಡೋಸ್ ಆಸ್ಪತ್ರೆಯಲ್ಲಿ, ಆಮೇಲೆ ಮನೆಯಲ್ಲೇ, ಹೆಚ್ಚಾಗಿ ದಿನಾ. ನಾಲಿಗೆ ಕೆಳಗೆ ಒಂದೆರಡು ನಿಮಿಷ ಇಟ್ಟುಕೊಂಡು ನುಂಗಬೇಕು. ಬಾಯಿ, ಕಿವಿ ಸ್ವಲ್ಪ ತುರಿಸುವುದು ಮೊದಮೊದಲು ಸಾಮಾನ್ಯ. ಬಾಯಿ ಹುಣ್ಣಾದಾಗ, ಹಲ್ಲು ಕಿತ್ತಾಗ ಡಾಕ್ಟರಿಗೆ ಕೇಳಿ ಕೆಲವು ದಿನ ನಿಲ್ಲಿಸಬೇಕು. ದೊಡ್ಡ ಪ್ರತಿಕ್ರಿಯೆಯ ಭಯ ಹನಿಯಲ್ಲಿ ಕಡಿಮೆ. ಆದರೆ ದಿನಾ ಮರೆಯದೆ ಕೊಡುವ ಕೆಲಸ ಪೂರ್ತಿ ನಿಮ್ಮ ಮೇಲೆ.

ಊರಿನ ದೂರ ಲೆಕ್ಕ ಹಾಕಿ ನಿರ್ಧರಿಸಿ. ಗೋಕಾಕದಿಂದ ಬೆಳಗಾವಿಗೆ ಬಸ್ಸಿನಲ್ಲಿ ಸುಮಾರು ಎರಡು ತಾಸು. ವಾರಕ್ಕೊಮ್ಮೆ ಒಂದು ದಿನ ಪೂರ್ತಿ ಹೋಗುತ್ತದೆ ಎಂದು ಗೊತ್ತಿದ್ದೇ ನಾವು ಸೂಜಿ ಆರಿಸಿಕೊಂಡೆವು. ದಿನಾ ಹನಿ ಕೊಡುವುದು ನನ್ನಿಂದ ತಪ್ಪುತ್ತದೆ ಎಂಬ ಭಯ ಇತ್ತು. ಇಂಡಿ, ಸಿಂದಗಿ, ಹುನಗುಂದದ ಹಳ್ಳಿಯವರಿಗೆ ಹನಿಯೇ ಸರಿ ಹೋಗಬಹುದು.

ದುಡ್ಡಿನ ವಿಚಾರ ನಾಚದೆ ಕೇಳಿ. ಒಂದು ಬಾಟಲಿಗೆ ಎಷ್ಟು, ಎಷ್ಟು ತಿಂಗಳು ಬರುತ್ತದೆ, ಪ್ರತಿ ಭೇಟಿಗೆ ಬೇರೆ ಫೀ ಇದೆಯಾ. ಮೂರು ವರ್ಷದ ಒಟ್ಟು ಲೆಕ್ಕ ಬರೆದುಕೊಂಡು, ಬಸ್ ಚಾರ್ಜು, ಹೋದ ದಿನದ ಕೂಲಿಯನ್ನೂ ಸೇರಿಸಿ. ಅರ್ಧಕ್ಕೆ ಬಿಡುವ ಪರಿಸ್ಥಿತಿ ಇದ್ದರೆ ಈಗಲೇ ಶುರು ಮಾಡದಿರುವುದು ಒಳ್ಳೆಯದು. ಬಾಟಲಿಯಲ್ಲಿ ಎಷ್ಟು ವಸ್ತು ಬೆರೆಸುತ್ತಾರೆ ಎಂದೂ ಕೇಳಿ. ಹತ್ತು ಹನ್ನೆರಡು ಬೆರೆಸಿದರೆ ಯಾವುದೂ ಬೇಕಾದಷ್ಟು ಪ್ರಮಾಣದಲ್ಲಿ ಸಿಗುವುದಿಲ್ಲ. ನಮ್ಮ ಡಾಕ್ಟರ್ ಕಾಂಗ್ರೆಸ್ ಕಸವನ್ನೂ ಬಿಟ್ಟು ಧೂಳಿನ ಹುಳ ಒಂದಕ್ಕೇ ಕೊಟ್ಟರು.

ಸೂಜಿಯ ದಿನ ಮತ್ತು ಆ ಅರ್ಧ ತಾಸು

ಮನೆ ಬಿಡುವ ಮೊದಲು ನೋಡಿ: ಜ್ವರ ಇದೆಯಾ, ರಾತ್ರಿ ಕೆಮ್ಮಿತಾ, ಉಸಿರಿನಲ್ಲಿ ಸೀಟಿ ಸದ್ದು ಇದೆಯಾ. ಇದ್ದರೆ ಫೋನ್ ಮಾಡಿ, ಆ ವಾರ ಮುಂದೆ ಹಾಕಿ. ಬೇರೆ ಲಸಿಕೆ ಹಾಕಿಸುವುದಿದ್ದರೆ ಅದೇ ದಿನ ಬೇಡ, ಮೊದಲೇ ತಿಳಿಸಿ. ಸೂಜಿ ಚುಚ್ಚುವ ಮೊದಲು ಬಾಟಲಿಯ ಮೇಲಿನ ಹೆಸರು, ಇವತ್ತಿನ ಡೋಸ್ ನರ್ಸಮ್ಮ ಓದುವಾಗ ನೀವೂ ಓದಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹೋದ ಸಲ ಊತ ಎಷ್ಟಾಗಿತ್ತು ಎಂದು ಹೇಳಿ. ಅಷ್ಟಿಷ್ಟು ಊತ, ಕೆಂಪು ಸಹಜ, ತಣ್ಣೀರು ಬಟ್ಟೆ ಸಾಕು.

ಆಮೇಲೆ ಅರ್ಧ ತಾಸು ಅಲ್ಲೇ ಕೂರಬೇಕು. ಗಡಿಯಾರ ನೋಡಿ 30 ನಿಮಿಷ. ಜೀವಕ್ಕೆ ಅಪಾಯ ತರುವ ಪ್ರತಿಕ್ರಿಯೆ ಅಪರೂಪ, ಬಂದರೆ ಹೆಚ್ಚಾಗಿ ಈ ಅರ್ಧ ತಾಸಿನಲ್ಲೇ ಬರುತ್ತದೆ.

ನಮಗೆ ಹದಿನಾಲ್ಕನೇ ವಾರ. ಹದಿಮೂರು ಸಲ ಏನೂ ಆಗಿರಲಿಲ್ಲ. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ತಡ ಎಂದು ಇಪ್ಪತ್ತನೇ ನಿಮಿಷಕ್ಕೆ ನಾನೇ ಎದ್ದೆ, ಯಾರಿಗೂ ಹೇಳಲಿಲ್ಲ. ಆಟೋ ಬಸ್ ನಿಲ್ದಾಣ ಮುಟ್ಟುವ ಮೊದಲೇ ಮಗ ಅಂಗೈ ತಿಕ್ಕಿಕೊಳ್ಳತೊಡಗಿದ. ಕಿವಿ ಕೆಂಪಗಾದವು. 'ಅವ್ವಾ, ಗಂಟಲಾಗ ಏನೋ ಸಿಕ್ಕೊಂಡಂಗ ಆಗ್ತೈತಿ' ಎಂದ. ಹೊಟ್ಟೆಯ ಮೇಲೆ ಅಂಗಿ ಎತ್ತಿ ನೋಡಿದರೆ ರೂಪಾಯಿ ಅಗಲದ ಗಂಧೆಗಳು. ಆಟೋದವರು ಮಾತಾಡದೆ ಗಾಡಿ ತಿರುಗಿಸಿದರು. ಆಸ್ಪತ್ರೆಯ ಬಾಗಿಲಲ್ಲೇ ಅವನನ್ನು ಎತ್ತಿಕೊಂಡು ತೊಡೆಗೆ ಅಡ್ರಿನಲಿನ್ ಸೂಜಿ ಕೊಟ್ಟರು. ಕೆಲವೇ ನಿಮಿಷಕ್ಕೆ ಉಸಿರು ಸಲೀಸಾಯಿತು. ಆ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಹತ್ತು ನಿಮಿಷ. ಅದನ್ನು ನೆನೆದರೆ ಇವತ್ತಿಗೂ ಕೈ ನಡುಗುತ್ತದೆ.

ಹಾಗಾಗಿ ಈ ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಳ್ಳಿ: ಅಂಗೈ, ಅಂಗಾಲು ತುರಿಕೆ, ಸಾಲುಸಾಲು ಸೀನು, ಮೈಮೇಲೆ ಗಂಧೆ, ತುಟಿ ಅಥವಾ ಕಣ್ಣಿನ ರೆಪ್ಪೆ ಊತ, ಧ್ವನಿ ಬದಲಾಗುವುದು, ಕೆಮ್ಮು, ಉಬ್ಬಸ, ಹೊಟ್ಟೆ ನುಲಿತ, ವಾಂತಿ, ತಲೆ ಸುತ್ತು. ಒಂದೇ ಕಂಡರೂ ನರ್ಸನ್ನು ಕೂಗಿ. ಆಸ್ಪತ್ರೆಯಿಂದ ಹೊರಗಿದ್ದರೆ ಹತ್ತಿರದ ಆಸ್ಪತ್ರೆಗೆ ನುಗ್ಗಿ ಅಥವಾ 108ಕ್ಕೆ ಫೋನ್ ಮಾಡಿ. ಮಗುವನ್ನು ಮಲಗಿಸಿ ಕಾಲು ಎತ್ತರಕ್ಕೆ ಇಡಿ. ಉಸಿರು ಕಟ್ಟುತ್ತಿದ್ದರೆ ಕೂರಿಸಿ. ಅವಿಲ್ ಅಥವಾ ಗುಳಿಗೆ ಇಂಥ ಹೊತ್ತಿನಲ್ಲಿ ಸಾಕಾಗುವುದಿಲ್ಲ, ಅಡ್ರಿನಲಿನ್ನೇ ಬೇಕು. ಚಿಕಿತ್ಸೆ ಶುರು ಮಾಡುವ ದಿನವೇ 'ಇಲ್ಲಿ ಅಡ್ರಿನಲಿನ್ ಇದೆಯಾ? ಅರ್ಧ ತಾಸು ಡಾಕ್ಟರ್ ಇರುತ್ತಾರಾ?' ಎಂದು ಕೇಳಿ. ಈ ಪ್ರಶ್ನೆಗೆ ಮುಖ ಸಿಂಡರಿಸುವ ಜಾಗ ನಿಮಗೆ ಬೇಡ. ಬಾಟಲಿಯನ್ನು ಊರಿಗೆ ಒಯ್ದು ಯಾರದೋ ಕೈಯಲ್ಲಿ ಮನೆಯಲ್ಲಿ ಚುಚ್ಚಿಸುವ ಮಾತಂತೂ ಬೇಡವೇ ಬೇಡ.

ಆ ದಿನ ಓಟ, ಕಬಡ್ಡಿ, ಬಿಸಿನೀರಿನ ಸ್ನಾನ ಎರಡು ಮೂರು ತಾಸು ಬೇಡ. ನಾವು ಆ ಅರ್ಧ ತಾಸಿಗೆಂದೇ ಒಂದು ಡಬ್ಬಿಯಲ್ಲಿ ಕರದಂಟಿನ ತುಂಡು ಇಡುತ್ತಿದ್ದೆವು. ಹದಿನೈದನೇ ನಿಮಿಷಕ್ಕೆ ಒಂದು, ಮೂವತ್ತಕ್ಕೆ ಒಂದು. ಗಡಿಯಾರ ನೋಡುವುದನ್ನು ಅವನು ಕಲಿತದ್ದೇ ಹೀಗೆ.

ತಪ್ಪಿದ ವಾರ, ಹೊಸ ಬಾಟಲಿ

ಜಾತ್ರೆ, ಪರೀಕ್ಷೆ, ಜ್ವರ, ಬಸ್ ಬಂದ್. ವಾರ ತಪ್ಪಿಯೇ ತಪ್ಪುತ್ತದೆ. ತಪ್ಪಿದ್ದನ್ನು ಮುಚ್ಚಿಡಬೇಡಿ. ಅಂತರ ಜಾಸ್ತಿಯಾದರೆ ಡೋಸ್ ಇಳಿಸಿ ಮತ್ತೆ ಏರಿಸಬೇಕಾಗುತ್ತದೆ. ಹೊಸ ಬಾಟಲಿ ತೆಗೆದಾಗಲೂ ಕೆಲವು ಸಲ ಇಳಿಸುತ್ತಾರೆ. ಔಷಧಿ ಇಡಬೇಕಾದದ್ದು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿ, ಹೆಪ್ಪುಗಟ್ಟುವ ಮೇಲಿನ ಡಬ್ಬಿಯಲ್ಲಿ ಅಲ್ಲ. ಹನಿ ಬಾಟಲಿ ಮನೆಯಲ್ಲಿ ಇಡುವವರು ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆಗೆಯದಿರಿ.

ಯಾವಾಗ ಗುಣ ಕಾಣುತ್ತದೆ

ಮೊದಲ ತಿಂಗಳಲ್ಲಿ ಏನೂ ಕಾಣುವುದಿಲ್ಲ. ನಮಗೆ ಏಳನೇ ತಿಂಗಳ ಹೊತ್ತಿಗೆ ಮುಂಜಾನೆಯ ಸೀನು ನಾಲ್ಕೈದಕ್ಕೆ ಬಂತು. ಒಂದೂವರೆ ವರ್ಷಕ್ಕೆ ಗುಳಿಗೆ ಅಪರೂಪವಾಯಿತು. ಮೂಗಿನ ಗೆರೆ ಯಾವಾಗ ಮಾಸಿತೋ ಗೊತ್ತೇ ಆಗಲಿಲ್ಲ. ಪೂರ್ತಿ ಡೋಸ್ ಒಂದು ವರ್ಷ ಕೊಟ್ಟರೂ ನೋಟ್‌ಬುಕ್ಕಿನಲ್ಲಿ ಏನೂ ಬದಲಾವಣೆ ಕಾಣದಿದ್ದರೆ ಡಾಕ್ಟರ ಜೊತೆ ಕುಳಿತು ಮಾತಾಡಿ. ಕಾರಣ ತಪ್ಪಾಗಿ ಹಿಡಿದಿರಬಹುದು, ಡೋಸ್ ಸಾಲದಿರಬಹುದು. ಸುಮ್ನೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಬಹಳ ಜನ ಬಿಡುವುದು ಮಗು ಆರಾಮಾದಾಗ. ಒಂದು ವರ್ಷಕ್ಕೆ ಸೀನು ನಿಂತಿತು, ಇನ್ನೇಕೆ ಎಂದು. ಆದರೆ ನಿಲ್ಲಿಸಿದ ಮೇಲೂ ವರ್ಷಗಟ್ಟಲೆ ಗುಣ ಉಳಿಯಬೇಕಾದರೆ ಕನಿಷ್ಠ ಮೂರು ವರ್ಷ ಬೇಕು. ಯುರೋಪಿನಲ್ಲಿ ಪರಾಗದ ಅಲರ್ಜಿ ಇದ್ದ ಮಕ್ಕಳಿಗೆ ಮೂರು ವರ್ಷ ಚುಚ್ಚುಮದ್ದು ಕೊಟ್ಟು, ಶುರು ಮಾಡಿದ ದಿನದಿಂದ ಹತ್ತು ವರ್ಷದವರೆಗೆ ನೋಡಿದರು. 2007ರಲ್ಲಿ ಅದರ ಫಲಿತಾಂಶ ಬಂತು. ಚುಚ್ಚುಮದ್ದು ಪಡೆದ ಮಕ್ಕಳಲ್ಲಿ ಆಸ್ತಮಾ ಬಂದವರು ಕಡಿಮೆ ಇದ್ದರು. ನನ್ನನ್ನು ಮೂರನೇ ವರ್ಷವೂ ಬಸ್ ಹತ್ತಿಸಿದ್ದು ಇದೇ ಸುದ್ದಿ.

ಶಾಲೆಗೆ ಒಂದು ಚೀಟಿ ಕೊಟ್ಟಿಡಿ: ಮಗುವಿಗೆ ಏನು ಅಲರ್ಜಿ, ಇನ್ಹೇಲರ್ ಚೀಲದ ಯಾವ ಜೇಬಿನಲ್ಲಿದೆ, ಯಾರಿಗೆ ಫೋನ್ ಮಾಡಬೇಕು. ಮುಂದಿನ ಬೆಂಚಿನ ಬದಲು ಕಿಟಕಿ ಹತ್ತಿರ, ಕರಿಹಲಗೆಯಿಂದ ದೂರ ಕೂರಿಸಲು ಕೇಳಿಕೊಳ್ಳಿ. ಸೀಮೆಸುಣ್ಣದ ಪುಡಿ ಕೂಡ ಮೂಗು ಕೆರಳಿಸುತ್ತದೆ.

ಈ ವರ್ಷ ಕೊನೆಯ ಸೂಜಿ ಆಯಿತು. ನೋಟ್‌ಬುಕ್ ಇನ್ನೂ ಬರೆಯುತ್ತಿದ್ದೇನೆ, ಈಗ ವಾರಕ್ಕೊಂದು ಸಾಲು. ಆರು ತಿಂಗಳಿಗೊಮ್ಮೆ ತೋರಿಸಲು ಹೇಳಿದ್ದಾರೆ, ಹೋಗುತ್ತೇವೆ. ಹೊದಿಕೆ ತೊಳೆಯುವುದು ಹಾಗೇ ನಡೆದಿದೆ. ಅತ್ತೆ ಮೊನ್ನೆಯಿಂದ ಮೊಮ್ಮಗನಿಗೆ ಹೊಸ ಕೌದಿ ಹಿಡಿದಿದ್ದಾರೆ. ಎರಡೇ ಪದರ, ನಡುವೆ ಆ ಇಳಕಲ್ ಸೀರೆಯ ತುಂಡು, ಒಂದು ಬಕೀಟಿನಲ್ಲಿ ಮುಳುಗುವಷ್ಟು ತೆಳುವು. ಹೊಲಿಯುವ ಮೊದಲು ಬಟ್ಟೆಯನ್ನು ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದ್ದು ಅವರೇ.